ಹೊಸ ಗುರುವಿನ ಮೊದಲ ಪಟ್ಟಿ

ರೋಹಿಣಿ ಮಳೆ ಮುಗಿದು ಮೃಗಶಿರಾ ಕೂಡುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಎರಡು ಕಾರ್ಯಗಳು ಒಟ್ಟಿಗೆ ಆರಂಭವಾಗುತ್ತವೆ: ಹೊಲದಲ್ಲಿ ಬಿತ್ತನೆ, ಊರಿನಲ್ಲಿ ಶಾಲೆ. ಎರಡಕ್ಕೂ ಪಟ್ಟಿ ಬೇಕು. ರೈತನ ಪಟ್ಟಿಯಲ್ಲಿ ಹತ್ತಿಬೀಜದ ಪಾಕೀಟು, ತೊಗರಿಬೀಜ, ಗೊಬ್ಬರದ ಚೀಲ, ಕೂರಿಗೆಯ ಬಾಡಿಗೆ ಇರುತ್ತವೆ. ಗುರುವಿನ ಪಟ್ಟಿಯಲ್ಲಿ ನೋಟುಪುಸ್ತಕ, ಪೆನ್ಸಿಲು, ಬಣ್ಣದ ಕಡ್ಡಿ ಇರುತ್ತವೆ. ಈ ಎರಡೂ ಪಟ್ಟಿಗಳು ಹೋಗಿ ತಟ್ಟುವುದು ಒಂದೇ ಮನೆಯ ಒಂದೇ ಸಂದೂಕವನ್ನು. ವರುಷದಲ್ಲಿ ಆ ಸಂದೂಕ ಅತ್ಯಂತ ಬರಿದಾಗಿರುವ ತಿಂಗಳೆಂದರೆ ಅದೇ ಜೂನ್ ತಿಂಗಳು. ಹೊಸದಾಗಿ ಶಿಕ್ಷಕವೃತ್ತಿಗೆ ಸೇರಿದ ನಮ್ಮ ಮಕ್ಕಳು ಇದನ್ನು ಬಲ್ಲರೇ ಎಂಬ ಪ್ರಶ್ನೆ ಈಚೆಗೆ ನನ್ನನ್ನು ಕಾಡಿತು.

ಕಾರಣವಿಷ್ಟೆ. ಈ ಅಂಕಣವನ್ನು ಓದುವ ಮನೆತನವೊಂದರ ಹೆಣ್ಣುಮಗಳು ಸುರಪುರ ಸೀಮೆಯಲ್ಲಿ, ಕೆಂಭಾವಿ ಕಡೆಯ ಹಳ್ಳಿಯ ಸರಕಾರಿ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದಾಳೆ. ನಾಲ್ಕನೆಯ ತರಗತಿ, 43 ಮಕ್ಕಳು. ಭೋಗಣ್ಣನವರ ಕೆಂಭಾವಿ, ದಾಸಿಮಯ್ಯನವರ ಮುದನೂರುಗಳಿರುವ ನಾಡಿನಲ್ಲಿ ಸೇವೆ ದೊರೆತುದಕ್ಕೆ ಸಂತೋಷಪಟ್ಟು ಪತ್ರ ಬರೆದು, ಮಕ್ಕಳು ಮನೆಯಿಂದ ತರಬೇಕಾದ ಸಾಮಗ್ರಿಗಳ ಪಟ್ಟಿಯೊಂದನ್ನು ಜೊತೆಗಿಟ್ಟು, ಒಮ್ಮೆ ಕಣ್ಣಾಡಿಸಿರೆಂದು ಕೇಳಿದ್ದಾಳೆ. ಅಕ್ಷರ ದುಂಡಗಿದೆ, ಉತ್ಸಾಹ ದೊಡ್ಡದಿದೆ. ಒಟ್ಟು ಹತ್ತೊಂಬತ್ತು ಬಾಬತ್ತುಗಳು. 200 ಪುಟದ ನೋಟುಪುಸ್ತಕ ಆರು, ಅವಕ್ಕೆ ಖಾಕಿ ಹೊದಿಕೆ ಮತ್ತು ಚೀಟಿ, ಇಪ್ಪತ್ತನಾಲ್ಕು ಬಣ್ಣದ ಕಡ್ಡಿಗಳ ಪೆಟ್ಟಿಗೆ, ಸ್ಕೆಚ್ ಪೆನ್ನು, ಕಂಪಾಸು ಪೆಟ್ಟಿಗೆ, ಚಿತ್ರಪುಸ್ತಕ, ಶಬ್ದಕೋಶ, ಕತ್ತರಿ, ಅಂಟು, ಥರ್ಮೋಕೋಲ್ ಹಾಳೆ, ನೀರಿನ ಬಾಟಲಿ, ಬುತ್ತಿಡಬ್ಬಿ ಎಂದು ಸಾಗುತ್ತದೆ. ಯಾದಗಿರಿಯ ಸ್ಟೇಷನ್ ಕಡೆಯ ಅಂಗಡಿಯೊಂದರಲ್ಲಿ ಇದನ್ನು ತೋರಿಸಿ ವಿಚಾರಿಸಿದೆ. ಅಗ್ಗದ್ದನ್ನೇ ಆರಿಸಿದರೂ ಒಂದು ಮಗುವಿಗೆ ಎಂಟು ನೂರು ರೂಪಾಯಿಗಿಂತ ಕಡಮೆಯಾಗಲಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವವರು ಮೂವರಿದ್ದರೆ ಗತಿಯೇನು? ಹಿರಿಯ ಹುಡುಗಿಯನ್ನು ಈ ವರುಷ ಬಿಡಿಸೋಣ ಎಂಬ ಮಾತು ಇಂಥ ಲೆಕ್ಕದ ನಡುವೆಯೇ ಹುಟ್ಟುತ್ತದೆ. ಆ ಮಾತನ್ನು ಹುಟ್ಟಿಸಬೇಕೆಂಬ ಉದ್ದೇಶ ಶಿಕ್ಷಕಿಗೆ ಲವಲೇಶವೂ ಇರಲಿಲ್ಲ.

ಆ ಮಗಳಿಗೆ ಬರೆದ ಮಾತುಗಳು ಉಳಿದ ಮನೆಗಳಿಗೂ ಉಪಯೋಗವಾದಾವೆಂದು ಇಲ್ಲಿ ವಿಸ್ತರಿಸುತ್ತೇನೆ. ಏಕೆಂದರೆ ನಮ್ಮ ಮನೆಗಳಲ್ಲಿ ಪಟ್ಟಿ ಬರೆಯುವವರೂ ಇದ್ದಾರೆ, ಪಟ್ಟಿ ಕೈಗೆ ಬಂದಾಗ ನಿಟ್ಟುಸಿರು ಬಿಡುವವರೂ ಇದ್ದಾರೆ, ಜಾತ್ರೆ ಉತ್ಸವಗಳಲ್ಲಿ ನೋಟುಪುಸ್ತಕ ಹಂಚುವ ದಾನಿಗಳೂ ಇದ್ದಾರೆ.

ಮೊದಲನೆಯದಾಗಿ, ಸಾಮಗ್ರಿಯ ಪಟ್ಟಿಗೆ ಮುಂಚೆ ಮಕ್ಕಳ ಪಟ್ಟಿಯಾಗಬೇಕು. ಹಾಜರಿ ಪುಸ್ತಕದಲ್ಲಿರುವ ಪಟ್ಟಿಯನ್ನು ನಾನು ಹೇಳುತ್ತಿಲ್ಲ. ಮೊದಲ ಹದಿನೈದು ದಿನ ಒಂದು ಹಳೆಯ ಪುಸ್ತಕದಲ್ಲಿ ಮಗುವಿಗೆ ಒಂದು ಸಾಲು ಮೀಸಲಿಟ್ಟು, ಮನೆಮಾತು ಯಾವುದು, ಓದಲು ಬರುತ್ತದೆಯೇ, ಹಲಗೆಯ ಮೇಲಿನ ಅಕ್ಷರ ಹಿಂದಿನ ಸಾಲಿನಿಂದ ಕಾಣುತ್ತದೆಯೇ, ಮನೆಯವರು ದೀಪಾವಳಿಯ ಹಿಂದುಮುಂದು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೋಗುವವರೇ ಎಂದು ಬರೆದುಕೊಳ್ಳಬೇಕು. ನಮ್ಮ ಜಿಲ್ಲೆಯಲ್ಲಿ ಗುರುಮಠಕಲ್ ಕಡೆಗೆ ಹೋದರೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಯಾದಗಿರಿ, ಶಹಾಪುರ, ಸುರಪುರ ಪಟ್ಟಣಗಳ ಓಣಿಗಳಲ್ಲಿ ಉರ್ದು ಮನೆಮಾತಾಗಿರುವ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಲಂಬಾಣಿ ಮಾತಿನ ಮಗುವಿಗೆ ಆರನೆಯ ನೋಟುಪುಸ್ತಕಕ್ಕಿಂತ ಚಿತ್ರವಿರುವ ಕಥೆಪುಸ್ತಕ ಹೆಚ್ಚು ಅವಶ್ಯಕ. ವಲಸೆ ಹೋಗುವ ಮಗುವಿಗೆ ಹೊತ್ತೊಯ್ಯಬಹುದಾದ ಒಂದೇ ಪುಸ್ತಕ ಸಾಕು, ಆದರೆ ಅದರ ಮೊದಲ ಪುಟದಲ್ಲಿ ಈ ಮಗು ಎಲ್ಲಿಯವರೆಗೆ ಕಲಿತಿದೆ ಎಂದು ಗುರು ತನ್ನ ಕೈಯಿಂದ ಬರೆದಿರಬೇಕು. ಅಲ್ಲಿಯ ಶಾಲೆಯವರು ಓದಿಕೊಳ್ಳುತ್ತಾರೆ. ಮಕ್ಕಳ ಮುಖ ನೋಡದೆ ಬರೆದ ಪಟ್ಟಿ ಎಷ್ಟು ಚೆನ್ನಾಗಿದ್ದರೂ ಬೇರೆ ಯಾವುದೋ ಊರಿನ ಪಟ್ಟಿಯಾಗಿರುತ್ತದೆ.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಪಟ್ಟಿಯನ್ನು ಮನೆಯಲ್ಲಿ ಓದುವವರಾರು? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ನ್ನೂ ಮುಟ್ಟಲಿಲ್ಲ. ಕರ್ನಾಟಕದಲ್ಲಿ ಅದೇ ಅತಿ ಕಡಮೆ. ಮಹಿಳೆಯರಲ್ಲಿ ಅದು ಇನ್ನೂ ಕೆಳಗೆ. ಅಂದಮೇಲೆ ಚೀಟಿ ತಾಯಿಯ ಕೈಗೆ ಬರುತ್ತದೆ, ತಾಯಿ ಅದನ್ನು ಸೆರಗಿಗೆ ಕಟ್ಟಿಕೊಂಡು ಸಂತೆಗೆ ಹೋಗುತ್ತಾಳೆ, ಅಂಗಡಿಯವನ ಮುಂದೆ ಬಿಚ್ಚುತ್ತಾಳೆ. ಪಟ್ಟಿಯನ್ನು ಓದುವವನು ಅಂಗಡಿಯವನು! "ಬಣ್ಣದ ಪೆಟ್ಟಿಗೆ" ಎಂದಷ್ಟೇ ಬರೆದಿದ್ದರೆ ಯಾವ ಬೆಲೆಯದು ಎಂದು ನಿರ್ಧರಿಸುವವನೂ ಅವನೇ. ಆದುದರಿಂದ ಬರೆಯುವಾಗ ಅಳತೆ, ಪುಟ, ಸಂಖ್ಯೆಗಳನ್ನು ಸ್ಪಷ್ಟಪಡಿಸಬೇಕು: 100 ಪುಟದ ಒಂದು ಗೆರೆಯ ಪುಸ್ತಕ ಎರಡು, ಚೌಕದ ಪುಸ್ತಕ ಒಂದು, ಹೊದಿಕೆ ಬೇಡ. "ಬೇಡ" ಎಂಬ ಶಬ್ದವನ್ನು ಪಟ್ಟಿಯಲ್ಲಿ ಬರೆಯಲು ಗುರುಗಳು ಸಂಕೋಚಪಡಬಾರದು. ಅದಕ್ಕಿಂತ ಮೇಲಾದುದು ಬಾಯಿಮಾತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ನಮ್ಮ ಶಾಲೆಗಳಲ್ಲಿವೆ. ಅದರ ಸಭೆಯಲ್ಲಿ, ಹೆಣ್ಣುಮಕ್ಕಳು ಕೂಲಿಯಿಂದ ಮರಳಿದ ಸಂಜೆಯ ಹೊತ್ತಿನಲ್ಲಿ, ಒಂದೊಂದು ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಿ, ಇದು ಬೇಕು, ಇದು ಶಾಲೆಯಲ್ಲಿದೆ, ಇದನ್ನು ಕೊಳ್ಳಬೇಡಿ ಎಂದು ಹೇಳಿದರೆ ಕಾಲು ಗಂಟೆಯ ಕೆಲಸ.

ಇನ್ನು ಹಕ್ಕಿನ ಮಾತು. ಶಿಕ್ಷಣ ಹಕ್ಕಿನ ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮಗುವಿನ ಪ್ರಾಥಮಿಕ ವಿದ್ಯೆಗೆ ಅಡ್ಡಿಯಾಗುವಂಥ ಯಾವ ಶುಲ್ಕವನ್ನಾಗಲಿ ವೆಚ್ಚವನ್ನಾಗಲಿ ಅದರ ಮೇಲೆ ಹೊರಿಸಲಾಗದು ಎಂದು ಅದರ ಮೂರನೆಯ ಕಲಮು ಹೇಳುತ್ತದೆ. ಪ್ರತಿ ತರಗತಿಗೂ ಅವಶ್ಯವಾದ ಕಲಿಕೋಪಕರಣ, ಆಟದ ಸಾಮಗ್ರಿ, ಶಾಲೆಗೊಂದು ಗ್ರಂಥಾಲಯ ಇರಬೇಕೆಂದು ಅದರ ಅನುಸೂಚಿಯಲ್ಲಿದೆ. 43 ಮಕ್ಕಳಿಗೆ ಒಬ್ಬರೇ ಶಿಕ್ಷಕಿ ಇರಬಾರದು, 30ಕ್ಕೊಬ್ಬರಿರಬೇಕು ಎಂಬುದೂ ಅದರಲ್ಲಿದೆ, ಆ ಮಾತು ಇನ್ನೊಂದು ಸಲಕ್ಕಿರಲಿ. ಪಠ್ಯಪುಸ್ತಕ ಮತ್ತು ಸಮವಸ್ತ್ರ ಸರಕಾರದಿಂದ ಬರುತ್ತವೆ. ಮಧ್ಯಾಹ್ನದ ಊಟವಿದೆ. ಅಕ್ಷರ ದಾಸೋಹವೆಂಬ ಹೆಸರಿನಲ್ಲಿ 2002ರಲ್ಲಿ ಅದು ಮೊದಲುಗೊಂಡುದೇ ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ, ಅಂದಿನ ಗುಲಬರ್ಗಾ ಅವುಗಳಲ್ಲೊಂದು. ಅಂದಮೇಲೆ ಬುತ್ತಿಡಬ್ಬಿ ಪಟ್ಟಿಯಲ್ಲೇಕೆ? ದಾಸೋಹದ ಪಂಕ್ತಿಯಲ್ಲಿ ಮಗು ಕೂಡುವಾಗ ಪಕ್ಕದವನ ಬಣ್ಣದ ಡಬ್ಬಿ ನೋಡಿ ಆಸೆಪಡುವಂತೆ ಮಾಡುವುದು ಬೇಡ.

ಶಾಲೆಗೆ ಬರುವ ಹಣದ ಲೆಕ್ಕವನ್ನು ಹೊಸಬರು ಕೇಳಿ ತಿಳಿದುಕೊಳ್ಳಬೇಕು. ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಒಬ್ಬ ಶಿಕ್ಷಕನಿಗೆ ವರುಷಕ್ಕೆ 500 ರೂಪಾಯಿಗಳನ್ನು ಪಾಠೋಪಕರಣಗಳಿಗೆಂದೇ ಕೊಡುತ್ತಿದ್ದರು. 2018ರಲ್ಲಿ ಸಮಗ್ರ ಶಿಕ್ಷಾ ಬಂದ ಮೇಲೆ ಶಾಲೆಯ ಅನುದಾನಗಳೆಲ್ಲ ಒಂದುಗೂಡಿ ಮಕ್ಕಳ ಸಂಖ್ಯೆಗೆ ತಕ್ಕಂತೆ ನಿಗದಿಯಾದವು. 30ರ ಮೇಲೆ 100ರ ವರೆಗೆ ಮಕ್ಕಳಿದ್ದರೆ 25,000, ಅದರ ಮೇಲೆ 250ರ ವರೆಗೆ 50,000 ರೂಪಾಯಿಗಳ ಮಟ್ಟ. ಅದರಲ್ಲಿ ಹತ್ತನೆಯ ಒಂದಂಶವನ್ನಾದರೂ ಸ್ವಚ್ಛತೆಗೆ ವ್ಯಯಿಸಬೇಕು. 80 ಮಕ್ಕಳ ಶಾಲೆಯನ್ನು ಊಹಿಸಿ: ಸ್ವಚ್ಛತೆಗೆ 2,500 ಕಳೆದರೆ ಉಳಿಯುವುದು 22,500, ಅಂದರೆ ಮಗುವಿಗೆ 281 ರೂಪಾಯಿ. ವಿದ್ಯುತ್ತಿನ ಬಿಲ್ಲು, ಸಣ್ಣ ದುರಸ್ತಿ, ರಿಜಿಸ್ಟರುಗಳು ಇದರಲ್ಲೇ ಆಗಬೇಕು. ಸುಣ್ಣದ ಕಡ್ಡಿಯೂ ಇದರಲ್ಲೇ: ದಿನಕ್ಕೆ ನಾಲ್ಕು ಕಡ್ಡಿಯಂತೆ 200 ದಿನಕ್ಕೆ 800, ನೂರು ಕಡ್ಡಿಯ ಪೆಟ್ಟಿಗೆಗಳು ಎಂಟು, ಅದೂ ಒಂದು ತರಗತಿಗೆ. ಹಣ ಅಲ್ಪ, ನಿಜ. ಎಷ್ಟೋ ಸಲ ಕೈಸೇರುವುದೂ ವರುಷದ ನಡುವೆ. ಆದರೂ ಮುಖ್ಯೋಪಾಧ್ಯಾಯರ ಮುಂದೆ ಮೇ ತಿಂಗಳ ಕೊನೆಯಲ್ಲೇ ಲಿಖಿತ ಬೇಡಿಕೆ ಇಟ್ಟವರ ತರಗತಿಗೆ ಅದರಲ್ಲಿ ಪಾಲು ಸಿಗುತ್ತದೆ. ಕೇಳದೆ ಇದ್ದವರು ಮಕ್ಕಳ ಮನೆಗೆ ಚೀಟಿ ಕಳಿಸುತ್ತಾರೆ.

ಈಗ ನೋಟುಪುಸ್ತಕ. ನಾಲ್ಕನೆಯ ತರಗತಿಗೆ ಕನ್ನಡ, ಇಂಗ್ಲಿಷು, ಗಣಿತ, ಪರಿಸರ ಅಧ್ಯಯನ ಎಂಬ ನಾಲ್ಕು ವಿಷಯಗಳು. ಆರು ಪುಸ್ತಕವೇಕೆ? ಮನೆಪಾಠಕ್ಕೆ ಬೇರೆ, ತರಗತಿಗೆ ಬೇರೆ ಎಂಬ ಪದ್ಧತಿ ಪಟ್ಟಣದ ಶಾಲೆಗಳಿಂದ ಹಳ್ಳಿಗೆ ಬಂದ ಬೇನೆ. 200 ಪುಟದ ಒಂದು ಪುಸ್ತಕ ಸುಮಾರು ಕಾಲು ಕಿಲೊ ತೂಗುತ್ತದೆ, ಆರಕ್ಕೆ ಒಂದೂವರೆ ಕಿಲೊ. 2019ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಹೊರಡಿಸಿದ ಆದೇಶದಂತೆ 3ರಿಂದ 5ನೆಯ ತರಗತಿಯ ಮಗುವಿನ ಪಾಟಿಚೀಲದ ಭಾರ ಎರಡರಿಂದ ಮೂರು ಕಿಲೊ ಮೀರಬಾರದು. ಖಾಲಿ ಹಾಳೆಯೇ ಅದರಲ್ಲಿ ಅರ್ಧವನ್ನು ತಿಂದರೆ ಪಠ್ಯಪುಸ್ತಕಗಳನ್ನೂ ನೀರಿನ ಬಾಟಲಿಯನ್ನೂ ಎಲ್ಲಿಡುವುದು? 100 ಪುಟದ ಮೂರು ಪುಸ್ತಕಗಳಿಂದ ಆರಂಭಿಸಿ, ತುಂಬಿದ ಮೇಲೆ ಮುಂದಿನದನ್ನು ಕೇಳುವುದು ಎಲ್ಲ ರೀತಿಯಿಂದಲೂ ಯುಕ್ತ. ಸೆಪ್ಟೆಂಬರಿನಲ್ಲಿ ಮಗುವಿನ ಪುಸ್ತಕ ತುಂಬಿದೆಯೋ ಇಲ್ಲವೋ ಎಂಬುದರಿಂದ ಕಲಿಕೆಯ ಸುಳಿವೂ ಸಿಗುತ್ತದೆ. ಒಂದರಿಂದ ಮೂರನೆಯ ತರಗತಿಗೆ ನೇಮಕವಾದವರಿಗಂತೂ ಈ ಚಿಂತೆ ಇನ್ನೂ ಕಡಮೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ 2009-10ರಿಂದ ನಾಡಿನ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಕಾರ್ಡುಗಳು, ಕಲಿಕೆಯ ಏಣಿ, ಗೋಡೆಯ ಕೆಳಭಾಗದ ಕರಿಹಲಗೆಗಳೇ ಮುಖ್ಯ.

ಪೆನ್ಸಿಲಿನ ವಿಷಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಬೆಳೆದ ನನಗೆ ಒಂದು ಪಕ್ಷಪಾತವಿದೆ. ಅಲ್ಲಿ ಯಾರ ಪೆನ್ಸಿಲೂ ಯಾರದೂ ಆಗಿರಲಿಲ್ಲ. ಉಗ್ರಾಣದ ಹಿರಿಯರ ಬಳಿ ಹೆಬ್ಬೆಟ್ಟಿನುದ್ದದ ಮೋಟು ಪೆನ್ಸಿಲನ್ನು ಒಪ್ಪಿಸಿದರೆ ಹೊಸದು ಸಿಗುತ್ತಿತ್ತು, ಒಪ್ಪಿಸದಿದ್ದರೆ ಇಲ್ಲ. ಉಳ್ಳವರ ಮಗ, ಇಲ್ಲದವರ ಮಗ ಎಂಬ ಭೇದ ಕಂಪಾಸು ಪೆಟ್ಟಿಗೆಯ ಮುಚ್ಚಳದಲ್ಲಿ ಕಾಣುತ್ತಿರಲಿಲ್ಲ. ತರಗತಿಯಲ್ಲಿಯೂ ಇದು ಸಾಧ್ಯ. ತಿಂಗಳಿಗೊಂದರಂತೆ 43 ಮಕ್ಕಳಿಗೆ ಹತ್ತು ತಿಂಗಳಿಗೆ 430 ಪೆನ್ಸಿಲು, ಹತ್ತರ 43 ಡಬ್ಬಿ. ಒಟ್ಟಿಗೆ ಕೊಂಡರೆ ಎರಡು ಸಾವಿರ ಚಿಲ್ಲರೆ ರೂಪಾಯಿಯ ಒಳಗೆ ಇಡೀ ವರುಷದ ಮಾತು ಮುಗಿಯುತ್ತದೆ. ಮೇಜಿನ ಮೇಲೆ ಒಂದು ತಗಡಿನ ಡಬ್ಬಿ, ಪಕ್ಕದಲ್ಲಿ ಎರಡು ಕೆತ್ತುಗ, ಅಷ್ಟೇ ಏರ್ಪಾಡು. ಪೆನ್ಸಿಲಿಲ್ಲವೆಂದು ಹೊರಗೆ ನಿಲ್ಲಿಸುವ ಶಿಕ್ಷೆಗೆ ಆಗ ಎಡೆಯೇ ಉಳಿಯುವುದಿಲ್ಲ. ಪೆನ್ಸಿಲು ಕಳೆದುಕೊಂಡ ಭಯಕ್ಕೆ ಶಾಲೆ ತಪ್ಪಿಸಿ ದನದ ಹಿಂದೆ ಹೋಗುವ ಹುಡುಗರು ಇಂದಿಗೂ ಇದ್ದಾರೆ.

ಬಣ್ಣದ ಕಡ್ಡಿಗಳೂ ಹಾಗೆಯೇ. ಐದು ಮಕ್ಕಳ ಗುಂಪಿಗೊಂದು ಪೆಟ್ಟಿಗೆಯಾದರೆ ಒಂಬತ್ತು ಸಾಕು. ಶಬ್ದಕೋಶ ತರಗತಿಗೆ ಎರಡೋ ಮೂರೋ. ಕಂಪಾಸು ಪೆಟ್ಟಿಗೆ ಈ ವಯಸ್ಸಿಗೆ ಬೇಡವೇ ಬೇಡ, ಅಳತೆಪಟ್ಟಿ ಇದ್ದರಾಯಿತು. ವೃತ್ತವನ್ನು ಅಂಗಳದಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿ ಎಳೆದರೆ ಕೇಂದ್ರ, ತ್ರಿಜ್ಯಗಳು ಜನ್ಮದಲ್ಲಿ ಮರೆಯುವುದಿಲ್ಲ. ಸುರಪುರದ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯ ಕೀರ್ತಿ ನಾಡಿನ ಹೊರಗೂ ಇದೆ. ಅದೇ ಊರಿನ ತಾಲ್ಲೂಕಿನ ಮಗು ಕೆಮ್ಮಣ್ಣು, ಇದ್ದಲು, ಅರಿಸಿನ, ಸುಣ್ಣಗಳಿಂದ ಒಂದು ಚಿತ್ರವನ್ನಾದರೂ ಬರೆಯಲಿ. ಇನ್ನು ಥರ್ಮೋಕೋಲ್. ಅದು ಮುರಿದು ಪುಡಿಯಾಗಿ ಶಾಲೆಯ ಅಂಗಳದಿಂದ ಹಳ್ಳಕ್ಕೆ ಹಾರಿಹೋಗುತ್ತದೆ, ಕೊಳೆಯುವುದಿಲ್ಲ. ನಮ್ಮಲ್ಲಿ ಜೋಳದ ದಂಟಿನ ಬೆಂಡು ಇರಲಾಗಿ ಆ ಬಿಳಿಯ ಹಾಳೆ ಏಕೆ ಬೇಕು? ಬೆಂಡಿನಿಂದ ಬಂಡಿ, ಎತ್ತು, ತಕ್ಕಡಿ ಮಾಡದ ಬಾಲ್ಯ ಈ ಸೀಮೆಯಲ್ಲಿ ಯಾರದಿತ್ತು! ಎಣಿಕೆಗೆ ಹುಣಸೆಬೀಜ, ಹತ್ತರ ಕಟ್ಟಿಗೆ ಹತ್ತಿಕಡ್ಡಿ, ನೂರಕ್ಕೆ ಹತ್ತು ಕಟ್ಟು. ಇವೆಲ್ಲ ಅಂಗಡಿಯ ಪಟ್ಟಿಯಿಂದ ಹೊರಬಂದು ಮಕ್ಕಳೇ ಭಾನುವಾರ ಆರಿಸಿ ತರುವ ಪಟ್ಟಿಗೆ ಸೇರಬೇಕು.

ಹಿಂದಿನವರ ಪಟ್ಟಿ ಎಷ್ಟು ಚಿಕ್ಕದಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ನಿಜಾಮರ ರಾಜ್ಯದಲ್ಲಿ ಕಚೇರಿಯ ಭಾಷೆಯೂ ಮೇಲಿನ ಓದಿನ ಭಾಷೆಯೂ ಉರ್ದುವಾಗಿದ್ದಾಗ, ಹಳ್ಳಿಗಳಲ್ಲಿ ಕನ್ನಡದ ಅಕ್ಷರ ಉಳಿದುದು ಬಹುಮಟ್ಟಿಗೆ ಐಗಳ ಮಠಗಳಿಂದ. ಮಠದ ಪಡಸಾಲೆಯೋ ಗುಡಿಯ ಕಟ್ಟೆಯೋ ಶಾಲೆ. ಹಲಗೆಯ ಮೇಲೆ ಉಸುಕು ಹರಡಿ ಬೆರಳಿನಿಂದ ತಿದ್ದಿಸುವುದು ಮೊದಲ ಹಂತ. ಕೈ ಕುದುರಿದ ಮೇಲೆ ಬಳಪ. ದೊಡ್ಡವರ ಲೆಕ್ಕಪತ್ರಕ್ಕೆ ಕಡತ: ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಸೇರಿಸಿ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಾಡಿದ ಕರಿಯ ಪುಸ್ತಕ. ಬಳಪದಿಂದ ಬರೆಯಬಹುದು, ಅಳಿಸಬಹುದು, ಸವೆದಾಗ ಮತ್ತೆ ಬಳಿಯಬಹುದು. ಐಗಳಿಗೆ ಸಲ್ಲುವುದು ಜೋಳ, ಬೇಳೆ. ಆ ಪದ್ಧತಿಯಲ್ಲಿ ಕೋಲಿನ ಕಾಟವಿತ್ತು, ಹೆಣ್ಣುಮಕ್ಕಳಿಗೂ ಎಷ್ಟೋ ಜಾತಿಯವರಿಗೂ ಪ್ರವೇಶವಿರಲಿಲ್ಲ. ಅದು ಮರಳಿ ಬರಬೇಕೆಂದು ನಾನು ಹೇಳಲಾರೆ. ಬರೆದು ಅಳಿಸುವ ಮೇಲ್ಮೈಗೆ ಹಣ ಬೇಕಾಗಿರಲಿಲ್ಲ ಎಂಬುದಷ್ಟೇ ಇಲ್ಲಿಯ ಮಾತು. ಇಂದು ನಮ್ಮ ಶಾಲೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಕಲ್ಲು ಸುಣ್ಣದ ಕಡ್ಡಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಮಗುವಿಗೊಂದು ಚಪ್ಪಡಿ ಗೊತ್ತುಮಾಡಿಕೊಟ್ಟರೆ 43 ಕರಿಹಲಗೆಗಳು ಪುಕ್ಕಟೆ. ಸಂಜೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸ್ವಚ್ಛತೆಯೂ ಆಯಿತು.

ಭೂಪಟವನ್ನು ತರಿಸುವವರು ಅದನ್ನು ಅಚ್ಚುಮಾಡಿದ ವರುಷ ನೋಡಬೇಕು. ಯಾದಗಿರಿ ಜಿಲ್ಲೆಯಾದುದು 2009ರ ಡಿಸೆಂಬರ್ 30ರಂದು. ಅದಕ್ಕೆ ಹಿಂದಿನ ಭೂಪಟದಲ್ಲಿ ನಮ್ಮ ಮೂರು ತಾಲ್ಲೂಕುಗಳೂ ಗುಲಬರ್ಗಾದಲ್ಲೇ ಇರುತ್ತವೆ. ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳಾದುದು ಇನ್ನೂ ಈಚೆಗೆ. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೈದರಾಬಾದ್ ಕರ್ನಾಟಕವೆಂಬ ಹೆಸರು ಕಲ್ಯಾಣ ಕರ್ನಾಟಕವಾದುದು 2019ರಲ್ಲಿ. ಆದರೂ ಹಳೆಯ ಭೂಪಟವನ್ನು ಎಸೆಯುವುದು ಬೇಡ. ಹೊಸದರ ಪಕ್ಕದಲ್ಲಿ ತೂಗುಹಾಕಿ ಎರಡರ ವ್ಯತ್ಯಾಸ ಹುಡುಕಿಸಿದರೆ ಎರಡು ತಾಸಿನ ಒಳ್ಳೆಯ ಪಾಠ.

ಕಾಲದ ವಿಚಾರಕ್ಕೆ ಮರಳುತ್ತೇನೆ, ಏಕೆಂದರೆ ಪಟ್ಟಿ ಎಷ್ಟುದ್ದವೆಂಬುದಕ್ಕಿಂತ ಯಾವಾಗ ಕಳಿಸಿದರೆಂಬುದು ಕೆಲವೊಮ್ಮೆ ಮುಖ್ಯವಾಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಭತ್ತದ ಹಣ ಬರುವ ಕಾಲ ಬೇರೆ. ಮಳೆಯನ್ನೇ ನಂಬಿದ ಯಾದಗಿರಿಯ ಎರೆಹೊಲದವನಿಗೆ ಮೊದಲು ಕೈಗೆ ಬರುವುದು ಹೆಸರು. ಜೂನಿನಲ್ಲಿ ಬಿತ್ತಿ ಶ್ರಾವಣ ಕಳೆಯುವ ಹೊತ್ತಿಗೆ ರಾಶಿಯಾಗುತ್ತದೆ. ಹತ್ತಿ ದೀಪಾವಳಿಯ ಮೇಲೆ, ತೊಗರಿ ಸಂಕ್ರಾಂತಿಯ ಸುತ್ತ. ಆದುದರಿಂದ ಜೂನಿನಲ್ಲಿ ಮೂರು ಪುಸ್ತಕ, ಒಂದು ಅಳತೆಪಟ್ಟಿ, ನೀರಿನ ಬಾಟಲಿ ಇಷ್ಟನ್ನೇ ಕೇಳಿ, ಉಳಿದುದನ್ನು ಹೆಸರಿನ ರಾಶಿಯ ಮೇಲೆ ಕೇಳಬೇಕೆಂದು ಆ ಮಗಳಿಗೆ ಬರೆದೆ. ಹತ್ತೊಂಬತ್ತರಲ್ಲಿ ಮನೆಯವರ ಪಾಲಿಗೆ ಜೂನಿನಲ್ಲಿ ಉಳಿದುದು ಈ ಮೂರೇ ಬಾಬತ್ತು. ಬಾಟಲಿಯನ್ನು ಉಳಿಸಿದುದು ಬೇಕೆಂದೇ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ದೋಷವಿದೆ. ಶಾಲೆಯ ನೀರು ಶುದ್ಧೀಕರಿಸಿದ್ದೆಂದು ಖಚಿತವಾಗುವವರೆಗೆ ಮಗು ಒಳ್ಳೆಯ ನೀರನ್ನು ಜೊತೆಗೆ ತರುವುದು ಲೇಸು.

ಶಾಲೆಯಲ್ಲಿ ಈಗಾಗಲೇ ಏನಿದೆ ಎಂದು ನೋಡದೆ ಪಟ್ಟಿ ಬರೆಯುವುದು ಇನ್ನೊಂದು ದೋಷ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಎಂಬ ಯೋಜನೆ ಬಂದಿತು. ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಜೊತೆಗೆ ಅವಶ್ಯಕ ಸಾಮಗ್ರಿಗಳ ಒಂದು ಸಿದ್ಧ ಪಟ್ಟಿ. ಜಿಲ್ಲೆ, ರಾಜ್ಯ, ದೇಶಗಳ ಭೂಪಟ, ಗೋಳ, ವಿಜ್ಞಾನದ ಪೆಟ್ಟಿಗೆ, ಗಣಿತದ ಪೆಟ್ಟಿಗೆ, ಭೂತಗನ್ನಡಿ, ಅಯಸ್ಕಾಂತ, ಚೆಂಡು, ಹಗ್ಗ, ಗಂಟೆ, ಕೊನೆಗೆ ಹಾರ್ಮೋನಿಯಂ ತಬಲಗಳವರೆಗೂ ಅದರಲ್ಲಿದ್ದವು. ದಿಲ್ಲಿಯಲ್ಲಿ ಕುಳಿತು ಬರೆದ ಪಟ್ಟಿಯಾದರೂ ಕೆಟ್ಟ ಪಟ್ಟಿಯಲ್ಲ. ಕೆಟ್ಟುದು ಮುಂದಿನ ಹಂತ. ಬಂದ ವಸ್ತುಗಳು ದಾಸ್ತಾನು ವಹಿಗೆ ಏರಿದವು, ಒಡೆದರೆ ಕಳೆದರೆ ಶಿಕ್ಷಕನೇ ಉತ್ತರ ಹೇಳಬೇಕಾಗಿತ್ತು, ಆದುದರಿಂದ ಎಷ್ಟೋ ಶಾಲೆಗಳಲ್ಲಿ ಅವು ಬೀರುವಿನೊಳಗೆ ಬೀಗದ ಹಿಂದೆಯೇ ಮುದಿಯಾದವು. ತಪಾಸಣೆಗೆ ಬಂದವರಿಗೆ ಗೋಳ ಕಾಣುತ್ತಿತ್ತು, ಮಕ್ಕಳಿಗೆ ಕಾಣುತ್ತಿರಲಿಲ್ಲ. ಇಂದು ಕೂಡ ಹೊಸ ಶಿಕ್ಷಕರು ಸೇರಿದ ವಾರದಲ್ಲೇ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆ ಬೀರುವನ್ನು ತೆರೆಸಿದರೆ ಅರ್ಧ ಪಟ್ಟಿ ಅಲ್ಲೇ ನೀಗುತ್ತದೆ. ಸವೆಯುವ ವಸ್ತು ಯಾವುದು, ಉಳಿಯುವ ವಸ್ತು ಯಾವುದು ಎಂದು ವಹಿಯಲ್ಲಿ ಬೇರೆ ಬೇರೆ ಬರೆದು, ಸವೆದುದನ್ನು ಸಮಿತಿಯ ನಡಾವಳಿಯಲ್ಲಿ ದಾಖಲಿಸಿ ತೆಗೆದುಹಾಕುತ್ತ ಬಂದರೆ ಹೆದರಬೇಕಾದ ಕಾರಣವಿಲ್ಲ. ಮಕ್ಕಳ ಕೈಯಲ್ಲಿ ಒಡೆದ ಭೂತಗನ್ನಡಿಗೆ ಲೆಕ್ಕ ಹೇಳಬಹುದು.

ಮೊದಲ ಸಂಬಳದ ಉತ್ಸಾಹದಲ್ಲಿ ಎಲ್ಲವನ್ನೂ ತಾವೇ ಕೊಂಡುಕೊಡುವ ಶಿಕ್ಷಕರಿದ್ದಾರೆ. ಇದು ನಮ್ಮಲ್ಲಿಯ ವಿಶೇಷವೇನಲ್ಲ. ಅಮೆರಿಕದಲ್ಲಿ ಶಾಲಾ ಶಿಕ್ಷಕರು ತರಗತಿಗೆಂದು ಸ್ವಂತ ಹಣ ಹಾಕುವುದು ಎಷ್ಟು ಸಾಮಾನ್ಯವೆಂದರೆ, ಅಲ್ಲಿಯ ಆದಾಯ ತೆರಿಗೆಯಲ್ಲಿ ಅದಕ್ಕೆಂದೇ ವಿನಾಯಿತಿ ಇದೆ. ಮೊದಲು 250 ಡಾಲರಿದ್ದುದು 2022ರಿಂದ 300 ಡಾಲರಾಯಿತು. ಒಂದಿಷ್ಟು ಹಾಕುವುದು ಒಳ್ಳೆಯದೇ. ಆದರೆ ಅತಿಥಿ ಶಿಕ್ಷಕರಾಗಿ ಅಲ್ಪ ಗೌರವಧನಕ್ಕೆ ದುಡಿಯುವವರು ಹೀಗೆ ಮಾಡತೊಡಗಿದರೆ ಶಾಲೆಯ ಅನುದಾನವನ್ನು ಕೇಳುವವರೇ ಇಲ್ಲದಂತಾಗುತ್ತದೆ, ಮುಂದಿನ ವರುಷ ಆ ಶಿಕ್ಷಕರು ಬೇರೆಡೆಗೆ ಹೋದರೆ ತರಗತಿ ಬರಿದಾಗುತ್ತದೆ. ವರುಷಕ್ಕೆ ಇಷ್ಟೆಂದು ತಮಗೆ ತಾವೇ ಮಿತಿ ಹಾಕಿಕೊಂಡು, ಆ ಹಣವನ್ನು ಕಥೆಪುಸ್ತಕಗಳಿಗೆ ಮಾತ್ರ ವ್ಯಯಿಸಿದರೆ ಅದು ಉಳಿಯುತ್ತದೆ.

ಕೊನೆಯದಾಗಿ ದಾನಿಗಳಿಗೆ, ಅಂದರೆ ನಮಗೇ ಒಂದು ಮಾತು. ಜಾತ್ರೆ, ಪುರಾಣ ಮಂಗಲ, ಹಿರಿಯರ ಪುಣ್ಯಸ್ಮರಣೆ, ಮಗುವಿನ ಹುಟ್ಟುಹಬ್ಬ ಇಂಥ ಸಂದರ್ಭಗಳಲ್ಲಿ ಶಾಲು ಹಾರಗಳ ಬದಲು ನೋಟುಪುಸ್ತಕ ಹಂಚುವ ರೂಢಿ ಬೆಳೆದಿರುವುದು ಸಂತೋಷದ ಸಂಗತಿ. ಆದರೆ ರಸ್ತೆಯ ಬದಿಯ ಶಾಲೆಗೆ ಮೂರು ಸಲ ಪುಸ್ತಕ ಬರುತ್ತದೆ, ಒಳಗಿನ ತಾಂಡಾದ ಶಾಲೆಗೆ ಒಂದು ಸಲವೂ ಬರುವುದಿಲ್ಲ. ಎಲ್ಲರೂ ಕೊಡುವುದು 200 ಪುಟದ ಒಂದೇ ಬಗೆಯ ಪುಸ್ತಕ. ಚೌಕದ ಪುಸ್ತಕ, ಕೆತ್ತುಗ, ಕಥೆಪುಸ್ತಕ, ಗೋಣಿಯ ಬದಲು ಕೂಡಲು ಜಮಖಾನೆ ಇವು ಯಾರಿಗೂ ಹೊಳೆಯುವುದಿಲ್ಲ. ರಕ್ಷಾಪುಟದ ಮೇಲೆ ದಾನಿಯ ಭಾವಚಿತ್ರ ಅಚ್ಚಾಗಿರುತ್ತದೆ, ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆಸಲಾಗುತ್ತದೆ. ಪಡೆಯುವ ಕೈಯನ್ನು ಊರಿಗೆಲ್ಲ ತೋರಿಸುವ ಈ ಪದ್ಧತಿಯನ್ನು ದಾಸೋಹವೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. ಕೊಡುವ ಮನಸ್ಸುಳ್ಳವರು ಮೇ ತಿಂಗಳಲ್ಲೇ ಶಾಲೆಗೆ ಹೋಗಿ ಗುರುಗಳ ಪಟ್ಟಿಯನ್ನು ಕೇಳಲಿ. ಅದರಲ್ಲಿ ಮನೆಯವರ ಪಾಲು, ಶಾಲೆಯ ಪಾಲುಗಳನ್ನು ಕಳೆದು ಉಳಿದ ಬಾಬತ್ತುಗಳನ್ನು ಮುಖ್ಯೋಪಾಧ್ಯಾಯರ ಕೈಗೆ ಒಪ್ಪಿಸಿ ರಸೀದಿ ಪಡೆದು ಮರಳಲಿ. ಈ ಪತ್ರಿಕೆಯನ್ನು ಓದುವ ಯಾದಗಿರಿ, ಶಹಾಪುರ, ಸುರಪುರದ ಶಿಕ್ಷಕರು ತಮ್ಮ ಪಟ್ಟಿಯ ಒಂದು ಪ್ರತಿಯನ್ನು ಊರಿನ ಮಠಕ್ಕೋ ಬಸವ ಸಮಿತಿಗೋ ಮುಂಚಿತವಾಗಿ ಕೊಟ್ಟಿರಲಿ. ಸಾಮಗ್ರಿ ಬಂದ ಮೇಲೆ ಅದನ್ನು ನೆಲಕ್ಕೆ ಇಡದೆ ಕಲ್ಲಿನ ಮೇಲೆ ತಗಡಿನ ಸಂದೂಕದಲ್ಲಿಟ್ಟು, ಬೇವಿನ ಎಲೆ ಹಾಕಿ, ದಸರೆಯ ರಜೆಗೆ ಹೋಗುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕು. ಮುಂಗಾರಿನ ತೇವಕ್ಕೆ ನಮ್ಮ ಎರೆಮಣ್ಣಿನಲ್ಲಿ ಗೆದ್ದಲು ಬಹಳ ಬೇಗ ಏಳುತ್ತದೆ.